ಪಂಡಿತಾ ರಮಾಬಾಯಿ ತೆತ್ತ ಬೆಲೆ

ಏಸು ಕ್ರಿಸ್ತನು ತನ್ನನ್ನು ಹಿಂಬಾಲಿಸಿ ಬಂದ ಜನಸಮೂಹಕ್ಕೆ ಹೇಳಿದ ದೃಷ್ಟಾಂತಗಳಲ್ಲಿ ಕಟ್ಟಡದ ಖರ್ಚುವೆಚ್ಚಕ್ಕೆ ಸಂಬಂಧಿಸಿದುದೊಂದು ಲೂಕನ ಸುವಾರ್ತೆಯ ಹದಿನಾಲ್ಕನೆಯ ಅಧ್ಯಾಯದಲ್ಲಿದೆ. ಗೋಪುರವನ್ನು ಎತ್ತಬೇಕೆಂದಿರುವವನು ಕಲ್ಲು ತರಿಸುವುದಕ್ಕಿಂತ ಮೊದಲು ಲೆಕ್ಕಕ್ಕೆ ಕುಳಿತುಕೊಳ್ಳಬೇಕೆಂಬುದು ಅದರ ಸಾರಾಂಶ. ದಿನವೆಲ್ಲ ಖಾತೆ ಪುಸ್ತಕದ ಮುಂದೆ ತಲೆ ತಗ್ಗಿಸಿ ಕುಳಿತಿರುವ ನಮ್ಮ ಗುಮಾಸ್ತ ಬಂಧುಗಳಿಗಾಗಲಿ, ರಾತ್ರಿ ಬಾಗಿಲು ಹಾಕುವ ಮುನ್ನ ಗಲ್ಲದ ಹಣ ಎಣಿಸುವ ಹೋಟೆಲಿನ ಸೋದರರಿಗಾಗಲಿ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಕ್ರಿಸ್ತನು ಅಲ್ಲಿ ಹೇಳಿದುದು ಸುಣ್ಣ ಕಲ್ಲುಗಳ ಲೆಕ್ಕವನ್ನಲ್ಲ. ತನ್ನ ಶಿಷ್ಯನಾಗಬಯಸುವವನು ಏನನ್ನು ಕಳೆದುಕೊಳ್ಳಬೇಕಾಗುವುದೆಂಬ ಲೆಕ್ಕವನ್ನು. ಮನೆಮಂದಿ, ಸ್ವತ್ತು, ಕೊನೆಗೆ ಸ್ವಂತ ಪ್ರಾಣವೂ ಆ ಪಟ್ಟಿಯಲ್ಲಿವೆ.

ಇಂಥ ಮಾತುಗಳನ್ನು ಕೇಳಿ ತಲೆದೂಗುವವರು ಬಹಳ. ಬೆಲೆ ತೆರುವವರು ವಿರಳ. ಹಾಗೆ ತೆತ್ತವರಲ್ಲಿ ಒಬ್ಬರು ನಮ್ಮ ಕನ್ನಡ ಜಿಲ್ಲೆಯ ಘಟ್ಟದ ಮಡಿಲಲ್ಲಿ ಹುಟ್ಟಿದ ಹೆಣ್ಣುಮಗಳು. ಮರಾಠಿಗರು ಅವರನ್ನು ತಮ್ಮವರೆನ್ನುತ್ತಾರೆ, ಬಂಗಾಳಿಗಳು ಅವರಿಗೆ ಬಿರುದು ಕೊಟ್ಟರು, ಇಂಗ್ಲೆಂಡು ಅಮೆರಿಕಗಳಲ್ಲಿ ಅವರ ಹೆಸರು ಮನೆಮಾತಾಗಿತ್ತು. ಹುಟ್ಟಿದ ನಾಡಿನವರಾದ ನಾವು ಮಾತ್ರ ಅವರನ್ನು ನೆನೆಯುವುದು ಕಡಿಮೆ. ಅವರೇ ಪಂಡಿತಾ ರಮಾಬಾಯಿ.

ಗಂಗಾಮೂಲದ ಮನೆ

ಕಾರ್ಕಳ ತಾಲೂಕಿನ ಮಾಳ ಗ್ರಾಮದ ಹೆಸರನ್ನು ಕೇಳದ ದಕ್ಷಿಣ ಕನ್ನಡಿಗರು ಇರಲಾರರು. ಅಲ್ಲಿನ ಚಿತ್ಪಾವನ ಬ್ರಾಹ್ಮಣ ಮನೆತನವೊಂದರಲ್ಲಿ ಹುಟ್ಟಿದ ಅನಂತಶಾಸ್ತ್ರಿ ಡೋಂಗರೆಯವರು ಯೌವನದಲ್ಲಿ ಪುಣೆಗೆ ವಿದ್ಯಾಭ್ಯಾಸಕ್ಕೆ ಹೋದರು. ಪೇಶ್ವೆ ಎರಡನೆಯ ಬಾಜೀರಾಯನ ಅರಮನೆಯಲ್ಲಿ ರಾಣಿಯೊಬ್ಬಳಿಗೆ ಅವರ ಗುರುಗಳು ಸಂಸ್ಕೃತ ಹೇಳಿಕೊಡುತ್ತಿದ್ದರು. ಹೆಂಗಸಿನ ಬಾಯಿಂದ ಶ್ಲೋಕಗಳು ಬರುವುದನ್ನು ಕೇಳಿದ ಅಂದೇ, ತಾನೂ ತನ್ನ ಹೆಂಡತಿಗೆ ಸಂಸ್ಕೃತ ಕಲಿಸಬೇಕೆಂಬ ಹಂಬಲ ಆ ತರುಣನ ಮನಸ್ಸಿನಲ್ಲಿ ಮೊಳೆಯಿತು.

ಮೊದಲನೆಯ ಹೆಂಡತಿಯ ಕಾಲದಲ್ಲಿ ಮನೆಯವರ ವಿರೋಧದಿಂದ ಅದು ಸಾಧ್ಯವಾಗಲಿಲ್ಲ. ಆಕೆ ತೀರಿಕೊಂಡ ಬಳಿಕ ಲಕ್ಷ್ಮೀಬಾಯಿ ಎಂಬ ಚಿಕ್ಕ ಹುಡುಗಿಯನ್ನು ಮದುವೆಯಾಗಿ ಊರಿಗೆ ಕರೆತಂದು ಪಾಠಕ್ಕೆ ಕೂರಿಸಿದರು. ಊರಿನವರು ಸುಮ್ಮನಿರಲಿಲ್ಲ. ಉಡುಪಿಯಲ್ಲಿ ವಿದ್ವಾಂಸರ ಸಭೆಯ ಮುಂದೆ ಅವರು ಉತ್ತರ ಹೇಳಬೇಕಾಯಿತು. ಸ್ತ್ರೀಯರು ಸಂಸ್ಕೃತ ಕಾವ್ಯ ಪುರಾಣಗಳನ್ನು ಓದಬಾರದೆಂದು ಎಲ್ಲಿ ಬರೆದಿದೆ ತೋರಿಸಿರಿ ಎಂಬಂತೆ ಗ್ರಂಥಾಧಾರಗಳನ್ನು ಒಂದರ ಮೇಲೊಂದು ಮುಂದಿಟ್ಟು ಅವರು ತಮ್ಮ ಪಕ್ಷವನ್ನು ಸಮರ್ಥಿಸಿಕೊಂಡರು. ಸಭೆ ಒಪ್ಪಿತಾದರೂ ಜನರ ಕಣ್ಣು ತಣ್ಣಗಾಗಲಿಲ್ಲ. ಶಾಸ್ತ್ರಿಗಳು ಹೆಂಡತಿಯನ್ನು ಕರೆದುಕೊಂಡು ಘಟ್ಟವನ್ನೇರಿ, ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ ಮನೆ ಕಟ್ಟಿ ವಿದ್ಯಾರ್ಥಿಗಳನ್ನು ಇಟ್ಟುಕೊಂಡು ಪಾಠ ಹೇಳತೊಡಗಿದರು. ಅಲ್ಲಿ 1858ರ ಏಪ್ರಿಲ್ 23ರಂದು ರಮಾ ಹುಟ್ಟಿದಳು.

ಬಂದ ಯಾತ್ರಿಕರಿಗೆಲ್ಲ ಅನ್ನ ಹಾಕುವ ಮನೆ ಎಷ್ಟು ದಿನ ನಿಂತೀತು? ಸಾಲ ಬೆಳೆಯಿತು, ಭೂಮಿ ಹೋಯಿತು. ಆರು ತಿಂಗಳ ಮಗುವನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಹೊರಿಸಿಕೊಂಡು ಸಂಸಾರ ಹೊರಟಿತು. ಆ ಮೇಲೆ ಆ ಕುಟುಂಬಕ್ಕೆ ನೆಲೆಯೆಂಬುದಿರಲಿಲ್ಲ. ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುವುದು, ದೇವಸ್ಥಾನದ ಜಗಲಿಯಲ್ಲೋ ನದಿಯ ಸೋಪಾನದಲ್ಲೋ ಕುಳಿತು ಪುರಾಣ ಹೇಳುವುದು, ಕೇಳಿದವರು ಕೊಟ್ಟುದರಲ್ಲಿ ಉಣ್ಣುವುದು, ಉಳಿದುದನ್ನು ದಾನ ಮಾಡುವುದು: ಇದೇ ಅವರ ಬದುಕಾಯಿತು. ದಾರಿಯಲ್ಲಿಯೇ ತಾಯಿ ಮಗಳಿಗೆ ಸಂಸ್ಕೃತ ಕಲಿಸಿದಳು. ಹುಡುಗಿ ಭಾಗವತವನ್ನು ಬಾಯಿಪಾಠ ಮಾಡಿಕೊಂಡಳು. ಕನ್ನಡ, ಮರಾಠಿ, ಹಿಂದಿಗಳು ಕೇಳಿ ಕೇಳಿಯೇ ಬಂದವು.

ಹಸಿವು ಕಲಿಸಿದ ಪಾಠ

1870ರ ದಶಕದಲ್ಲಿ ಮದರಾಸು ಇಲಾಖೆಯನ್ನು ಹಿಡಿದ ಬರಗಾಲ ಈ ಸಂಸಾರವನ್ನು ಮುರಿದುಹಾಕಿತು. ಪುರಾಣ ಕೇಳುವವರ ಮನೆಯಲ್ಲಿಯೇ ಅನ್ನವಿಲ್ಲದಿರುವಾಗ ಪುರಾಣಿಕನಿಗೆ ಕೊಡುವವರಾರು? ಕೂಲಿ ಮಾಡಲು ಬ್ರಾಹ್ಮಣ್ಯದ ಅಭಿಮಾನ ಬಿಡಲಿಲ್ಲ. ಬೇಡಲು ನಾಚಿಕೆ ಬಿಡಲಿಲ್ಲ. ಪಾತ್ರೆ ಪದಾರ್ಥಗಳನ್ನು ಮಾರಿದುದಾಯಿತು. ತಿರುಪತಿಯ ಬಳಿಯ ಕಾಡಿನಲ್ಲಿ ಹನ್ನೊಂದು ದಿನ ಎಲೆ, ನೀರು, ಒಂದು ಹಿಡಿ ಕಾಡು ಈಚಲ ಹಣ್ಣುಗಳಲ್ಲಿ ಅವರು ಕಾಲ ಕಳೆದುದನ್ನು ರಮಾಬಾಯಿಯವರು ಮುಂದೆ ತಮ್ಮ ಬರಗಾಲದ ಅನುಭವಗಳಲ್ಲಿ ಬರೆದಿದ್ದಾರೆ. ಕಣ್ಣು ಕಾಣದ ಮುದುಕ ತಂದೆ ಜಲಸಮಾಧಿಗೆ ಸಿದ್ಧನಾದಾಗ, ಕೂಲಿ ಮಾಡಿಯಾದರೂ ಸಾಕುವೆನೆಂದು ಮಗ ಶ್ರೀನಿವಾಸ ತಡೆದನು. ಆದರೆ ಕಾಲ ಮೀರಿತ್ತು. ತಂದೆ, ತಾಯಿ, ಅಕ್ಕ, ಹೀಗೆ ಒಬ್ಬರ ಹಿಂದೆ ಒಬ್ಬರು ಹೋದರು. ಸಾಯುತ್ತಿದ್ದ ತಾಯಿಗೆಂದು ನೆರೆಮನೆಯಲ್ಲಿ ಬೇಡಿ ತಂದ ಒಂದು ತುಂಡು ಸಜ್ಜೆಯ ರೊಟ್ಟಿಯನ್ನು ನುಂಗುವ ಶಕ್ತಿಯೂ ಆಕೆಯಲ್ಲಿ ಉಳಿದಿರಲಿಲ್ಲ.

ಉಳಿದ ಅಣ್ಣ ತಂಗಿಯರು ಉತ್ತರಕ್ಕೆ ನಡೆದರು. ಝೇಲಂ ನದಿಯ ದಂಡೆಯಲ್ಲಿ ಹೊದೆಯಲು ಬಟ್ಟೆಯಿಲ್ಲದೆ ಮರಳಿನಲ್ಲಿ ಗುಂಡಿ ತೋಡಿ, ಒಣ ಮರಳನ್ನೇ ಮೈಮೇಲೆ ಎಳೆದುಕೊಂಡು ಚಳಿಯ ರಾತ್ರಿಗಳನ್ನು ನೂಕಿದರು. 1878ರಲ್ಲಿ ಕಲ್ಕತ್ತೆಯನ್ನು ಸೇರಿದಾಗ, ಇಪ್ಪತ್ತು ವರ್ಷದ ಆ ತರುಣಿಯ ಸಂಸ್ಕೃತ ಪಾಂಡಿತ್ಯವನ್ನು ಕಂಡು ಬಂಗಾಳದ ವಿದ್ವಾಂಸರು ಬೆರಗಾದರು. ಪಂಡಿತಾ, ಸರಸ್ವತೀ ಎಂಬ ಬಿರುದುಗಳು ಅಲ್ಲಿ ಬಂದವು. ಹಸಿವನ್ನು ಬಲ್ಲ ಆ ಹೊಟ್ಟೆ ಮಾತ್ರ ಬಿರುದುಗಳಿಂದ ತನ್ನ ನೆನಪನ್ನು ಕಳೆದುಕೊಳ್ಳಲಿಲ್ಲ ಎಂಬುದಕ್ಕೆ ಮುಂದಿನ ಅವರ ಬಾಳೇ ಸಾಕ್ಷಿ.

1880ರಲ್ಲಿ ಅಣ್ಣ ತೀರಿಕೊಂಡನು. ಅದೇ ವರ್ಷ ಅವರು ಬಿಪಿನ್ ಬಿಹಾರಿ ಮೇಧಾವಿ ಎಂಬ ಬ್ರಾಹ್ಮಣೇತರ ಬಂಗಾಳಿ ವಕೀಲರನ್ನು ರಿಜಿಸ್ಟರ್ ಮದುವೆಯಾದರು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಪತಿ ಕಾಲರಾಕ್ಕೆ ತುತ್ತಾದರು. ಇಪ್ಪತ್ತಮೂರು ವರ್ಷದ ವಿಧವೆ, ಕೈಯಲ್ಲಿ ಎಳೆಗೂಸು. ತವರೂ ಇಲ್ಲ, ಅತ್ತೆಯ ಮನೆಯ ಆಸರೆಯೂ ಇಲ್ಲ.

ಲಂಡನಿನ ಒಂದು ಮನೆ

ಪುಣೆಯ ಸುಧಾರಕರು ಅವರನ್ನು ಬರಮಾಡಿಕೊಂಡರು. 1882ರಲ್ಲಿ ಆರ್ಯ ಮಹಿಳಾ ಸಮಾಜ ಸ್ಥಾಪನೆಯಾಯಿತು. ಅದೇ ವರ್ಷ ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ನುಡಿದು, ಈ ದೇಶದ ಹೆಂಗಸರಿಗೆ ಶಿಕ್ಷಕಿಯರೂ ಲೇಡಿ ಡಾಕ್ಟರುಗಳೂ ಬೇಕೆಂದು ಪ್ರತಿಪಾದಿಸಿದರು. ತಾವೇ ವೈದ್ಯ ವಿದ್ಯೆ ಕಲಿಯಬೇಕೆಂಬ ಆಸೆಯಿಂದ, ತಾವು ಮರಾಠಿಯಲ್ಲಿ ಬರೆದ 'ಸ್ತ್ರೀ ಧರ್ಮ ನೀತಿ' ಪುಸ್ತಕದ ಮಾರಾಟದ ಹಣವನ್ನು ಕೂಡಿಸಿಕೊಂಡು, 1883ರಲ್ಲಿ ಮಗಳೊಡನೆ ಇಂಗ್ಲೆಂಡಿಗೆ ಹಡಗು ಹತ್ತಿದರು. ಕಿವಿ ಮಂದವಾಗುತ್ತ ಬಂದುದರಿಂದ ವೈದ್ಯ ವಿದ್ಯೆ ಕೈಗೂಡಲಿಲ್ಲ. ಆದರೆ ವಾಂಟೇಜ್ ಎಂಬ ಊರಿನ ಆಂಗ್ಲಿಕನ್ ಸಂನ್ಯಾಸಿನಿಯರ ಆಶ್ರಮದಲ್ಲಿದ್ದಾಗ ಅವರ ಬಾಳು ತಿರುವನ್ನು ಪಡೆಯಿತು.

ಆ ತಿರುವಿಗೆ ಕಾರಣವಾದುದು ತರ್ಕವಲ್ಲವೆಂಬುದನ್ನು ಗಮನಿಸಬೇಕು. ಸಂನ್ಯಾಸಿನಿಯರು ಅವರನ್ನು ಲಂಡನಿನ ಫುಲ್‌ಹ್ಯಾಮಿನಲ್ಲಿದ್ದ ತಮ್ಮ ಒಂದು ಮನೆಗೆ ಕರೆದೊಯ್ದರು. ಲೋಕದ ಬಾಯಲ್ಲಿ ಜಾರಿದವರು ಎನಿಸಿಕೊಂಡ ಹೆಂಗಸರು ಅಲ್ಲಿದ್ದರು. ಸಜ್ಜನರ ಮನೆಗಳಿಂದ ಬಂದ ಹೆಣ್ಣುಮಕ್ಕಳು ಅವರ ಸೇವೆ ಮಾಡುತ್ತಿದ್ದರು, ಅವರ ಜೊತೆಗೇ ವಾಸಿಸುತ್ತಿದ್ದರು. ಹೀಗೇಕೆ ಮಾಡುತ್ತೀರೆಂದು ಕೇಳಿದಾಗ, ಬಾವಿಯ ಬಳಿ ಕ್ರಿಸ್ತನು ಮಾತನಾಡಿಸಿದ ಸಮಾರ್ಯದ ಹೆಂಗಸಿನ ಕಥೆಯನ್ನು ಅವರಿಗೆ ಹೇಳಲಾಯಿತು. ತಪ್ಪಿದವಳನ್ನು ಊರಾಚೆ ನೂಕದೆ ಮೇಲೆತ್ತುವ ಧರ್ಮ ಇದೆಂದು ಅವರಿಗೆ ತೋರಿತು. 1883ರ ಸೆಪ್ಟೆಂಬರ್ 29ರಂದು ತಾಯಿಗೂ ಮಗಳಿಗೂ ದೀಕ್ಷಾಸ್ನಾನವಾಯಿತು.

ತಮಗೆ ಅಂದು ದೊರೆತುದು ಕ್ರೈಸ್ತ ಧರ್ಮ, ಕ್ರಿಸ್ತನನ್ನು ಕಂಡುಕೊಂಡುದು ಅದಾಗಿ ಎಂಟು ವರ್ಷಗಳ ಮೇಲೆ ಎಂಬ ಅರ್ಥದ ಮಾತನ್ನು ಅವರೇ ತಮ್ಮ ಆತ್ಮವೃತ್ತದಲ್ಲಿ ಬರೆದಿರುವುದುಂಟು. ಹೆಸರು ಪಡೆಯುವುದಕ್ಕೂ ಶಿಷ್ಯರಾಗುವುದಕ್ಕೂ ನಡುವೆ ಎಷ್ಟು ದೂರವಿದೆಯೆಂಬುದನ್ನು ಅವರು ಬಲ್ಲವರಾಗಿದ್ದರು.

ಎರಡು ಕಡೆಗೂ ಕಟ್ಟಿದ ಸುಂಕ

ಬೆಲೆ ತೆರುವ ಕಾಲ ಕೂಡಲೆ ಆರಂಭವಾಯಿತು. ಸ್ವದೇಶದಲ್ಲಿ ನಿನ್ನೆಯವರೆಗೆ ಸರಸ್ವತಿಯೆಂದು ಹೊಗಳಿದ ಬಾಯಿಗಳೇ ಇಂದು ದ್ರೋಹಿಯೆಂದವು. ಅವರ ಪರವಾಗಿ ನಿಂತವರು ಕೆಲವರೇ. ಜೋತಿರಾವ್ ಫುಲೆಯವರು 1885ರ 'ಸತ್ಸಾರ' ಪತ್ರಿಕೆಯಲ್ಲಿ ಅವರನ್ನು ಸಮರ್ಥಿಸಿದುದು ಈ ಕಾರಣದಿಂದಲೇ ಸ್ಮರಣೀಯ.

ಸ್ವಜನರನ್ನು ಕಳೆದುಕೊಂಡರೂ ಹೊಸ ಮನೆಯವರ ಆದರವಾದರೂ ಪೂರ್ತಿ ದೊರೆಯಿತೇ? ಅದೂ ಇಲ್ಲ. ಚರ್ಚಿನ ಹಿರಿಯರು ಹೇಳಿದುದನ್ನೆಲ್ಲ ಕಣ್ಣು ಮುಚ್ಚಿ ಒಪ್ಪುವ ಜೀವ ಅದಾಗಿರಲಿಲ್ಲ. ಉಡುಪಿಯ ಸಭೆಯಲ್ಲಿ ಆಧಾರ ತೋರಿಸಿರೆಂದು ನಿಂತ ತಂದೆಯ ಮಗಳಲ್ಲವೇ! ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿದ್ದಾಗ ಅವರು ಗಂಡು ವಿದ್ಯಾರ್ಥಿಗಳಿಗೆ ಪಾಠ ಹೇಳಬಾರದೆಂದು ಬಿಷಪ್ಪರು ಆಕ್ಷೇಪಿಸಿದರು. ಏಕೆ ಹೇಳಬಾರದೆಂದು ಅವರು ಕೇಳಿದರು. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇ ಇರಬೇಕೆಂಬ ಮಾತು ಬಂದಾಗ, ಭಾರತೀಯರಿಗೆ ಸಂಸ್ಕೃತ ಏಕಾಗಬಾರದೆಂದು ವಾದಿಸಿದರು. ಮಾಂಸಾಹಾರವನ್ನು ಅವರು ಮುಟ್ಟಲಿಲ್ಲ. ಸೀರೆಯನ್ನು ಬಿಡಲಿಲ್ಲ. ಇವೆಲ್ಲ ಹಠವೆಂದೂ ಅಹಂಕಾರವೆಂದೂ ಅವರ ಧರ್ಮಮಾತೆಯಾಗಿದ್ದ ಸಿಸ್ಟರ್ ಜೆರಾಲ್ಡೈನ್ ಬೇಸರಗೊಂಡರು. ಆತ್ಮಸಾಕ್ಷಿಯನ್ನು ಒಬ್ಬ ಒಡೆಯನಿಗೆ ಒಪ್ಪಿಸಿದ ಮೇಲೆ ಮತ್ತೊಬ್ಬರ ಕೈಗೆ ಅದನ್ನು ಕೊಡಲಾಗದೆಂಬುದು ರಮಾಬಾಯಿಯವರ ನಿಲುವಾಗಿತ್ತು. ಆ ನಿಲುವಿನಿಂದ ಅವರಿಗೆ ಆದಾಯವೇನೂ ಆಗಲಿಲ್ಲ. ಒಂಟಿತನ ಮಾತ್ರ ಹೆಚ್ಚಾಯಿತು.

1886ರಲ್ಲಿ ತಮ್ಮ ಬಂಧುವಾದ ಆನಂದೀಬಾಯಿ ಜೋಶಿಯವರು ಫಿಲಡೆಲ್ಫಿಯದಲ್ಲಿ ವೈದ್ಯ ಪದವಿ ಪಡೆಯುವ ಸಮಾರಂಭಕ್ಕೆಂದು ಅಮೆರಿಕಕ್ಕೆ ಹೋದರು. ಮರುವರ್ಷ ಪ್ರಕಟವಾದ ಅವರ ಇಂಗ್ಲಿಷ್ ಗ್ರಂಥ ಮೇಲ್ಜಾತಿಯ ಹಿಂದೂ ಸ್ತ್ರೀಯರ ದುಃಸ್ಥಿತಿಯನ್ನು ಲೋಕದ ಮುಂದಿಟ್ಟಿತು. ಬಾಲವಿಧವೆಯರ ಶಾಲೆಗಾಗಿ ಬಾಸ್ಟನ್ನಿನಲ್ಲಿ ಒಂದು ಸಂಘ ಏರ್ಪಟ್ಟು ಹತ್ತು ವರ್ಷಗಳ ಸಹಾಯವನ್ನು ವಾಗ್ದಾನ ಮಾಡಿತು. ಅದರ ಬಲದಿಂದ 1889ರ ಮಾರ್ಚ್ 11ರಂದು ಮುಂಬಯಿಯ ಚೌಪಾಟಿಯಲ್ಲಿ 'ಶಾರದಾ ಸದನ'ದ ಬಾಗಿಲು ತೆರೆಯಿತು. ಇಂದು ನಮ್ಮವರು ಸಂಜೆಯ ಹೊತ್ತು ಗಾಳಿ ಸೇವನೆಗೆ ಹೋಗುವ ಆ ಕಡಲ ತೀರದ ಬಳಿಯಲ್ಲಿ, ತಲೆ ಬೋಳಿಸಿಕೊಂಡ ಎಳೆಯ ಹುಡುಗಿಯರು ಮೊದಲ ಬಾರಿಗೆ ಅಕ್ಷರ ತಿದ್ದಿದರು. ಅವರಲ್ಲಿ ಒಬ್ಬರಾದ ಗೋದೂಬಾಯಿಯವರನ್ನು 1893ರಲ್ಲಿ ಧೋಂಡೋ ಕೇಶವ ಕರ್ವೆಯವರು ಪುನರ್ವಿವಾಹವಾದರು. ಮಹಿಳಾ ವಿಶ್ವವಿದ್ಯಾಲಯವನ್ನು ಕಟ್ಟಿ 1958ರಲ್ಲಿ ಭಾರತರತ್ನರಾದ ಮಹರ್ಷಿ ಕರ್ವೆಯವರ ಮನೆಯ ದೀಪ ಹೀಗೆ ಶಾರದಾ ಸದನದಲ್ಲಿ ಹೊತ್ತಿಸಿದುದು.

ಸದನವು 1890ರಲ್ಲಿ ಪುಣೆಗೆ ಹೋಯಿತು. ಅಲ್ಲಿ ಜಾತಿಯ ಆಚಾರಗಳಿಗೆ ಅಡ್ಡಿಯಿರಲಿಲ್ಲ. ಧರ್ಮದ ವಿಷಯದಲ್ಲಿ ಬಲಾತ್ಕಾರವಿಲ್ಲವೆಂಬ ಕರಾರಿತ್ತು. ಆದರೆ ರಮಾಬಾಯಿಯವರು ತಮ್ಮ ಕೋಣೆಯಲ್ಲಿ ಮಗಳೊಡನೆ ಪ್ರಾರ್ಥನೆ ಮಾಡುವಾಗ ಬಾಗಿಲು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ಬಂದು ಕುಳಿತುಕೊಳ್ಳಲಾರಂಭಿಸಿದರು. 1893ರಲ್ಲಿ ಬಿರುಗಾಳಿಯೆದ್ದಿತು. 'ಕೇಸರಿ' ಪತ್ರಿಕೆ ಉಗ್ರವಾಗಿ ಟೀಕಿಸಿತು. ಸಲಹಾ ಮಂಡಲಿಯಲ್ಲಿದ್ದ ರಾನಡೆ, ಭಂಡಾರಕರರಂಥ ಹಿತೈಷಿಗಳೇ ರಾಜೀನಾಮೆ ಕೊಟ್ಟರು. ಅನೇಕ ಪಾಲಕರು ತಮ್ಮ ಬಾಲಿಕೆಯರನ್ನು ಬಿಡಿಸಿಕೊಂಡು ಹೋದರು.

ನ್ಯಾಯವಾಗಿ ಹೇಳುವುದಾದರೆ ಆ ಪಾಲಕರ ಕಳವಳ ಆಧಾರರಹಿತವೆನ್ನಲಾಗದು. ಅನ್ನವನ್ನೂ ವಿದ್ಯೆಯನ್ನೂ ಕೊಡುವವರ ಕೋಣೆಯ ತೆರೆದ ಬಾಗಿಲು, ನಿರಾಶ್ರಿತ ಬಾಲೆಗೆ ಬರಿಯ ಬಾಗಿಲಾಗಿ ಉಳಿಯುವುದಿಲ್ಲ. ಇತ್ತ ರಮಾಬಾಯಿಯವರ ಮಾತಿನಲ್ಲಿಯೂ ಸತ್ಯವಿತ್ತು: ತನ್ನ ಮನೆಯಲ್ಲಿ ತಾನು ಕದ್ದು ಪ್ರಾರ್ಥಿಸಬೇಕೇ? ಬಾಗಿಲನ್ನು ಮುಚ್ಚಿಕೊಂಡಿದ್ದರೆ ಪುಣೆಯ ಗೌರವ ಉಳಿಯುತ್ತಿತ್ತು, ಹೊರಟುಹೋದ ಮಿತ್ರರು ಉಳಿಯುತ್ತಿದ್ದರು. ಅವರು ಮುಚ್ಚಲಿಲ್ಲ. ಬೆಲೆ ಎಷ್ಟೆಂದು ತಿಳಿದೇ ತೆತ್ತರು.

ಕೇಡಗಾಂವಿನ ಪಂಕ್ತಿ

ಮುಂಬಯಿಯಿಂದ ಪುಣೆ, ದೌಂಡ್, ಸೋಲಾಪುರಗಳ ಮೇಲೆ ಕಲಬುರಗಿಗೂ ರಾಯಚೂರಿಗೂ ಹೋಗುವ ನಮ್ಮ ಜನ, ಪುಣೆಯಿಂದ ಸುಮಾರು 55 ಕಿಲೋಮೀಟರ್ ದೂರದಲ್ಲಿ ಕೇಡಗಾಂವ್ ಎಂಬ ನಿಲ್ದಾಣವನ್ನು ಹಾದುಹೋಗುತ್ತಾರೆ. ರಮಾಬಾಯಿಯವರ ಬಾಳಿನ ಕೊನೆಯ ಇಪ್ಪತ್ತೈದು ವರ್ಷಗಳು ಕಳೆದುದು ಅಲ್ಲಿ.

1896ರಲ್ಲಿ ಮಧ್ಯಪ್ರಾಂತಗಳಲ್ಲಿ ಕ್ಷಾಮ ತಲೆದೋರಿದ ಸುದ್ದಿ ಬಂದಾಗ ಅವರು ಪುಣೆಯಲ್ಲಿ ಕುಳಿತಿರಲಾರದೆ ಹೋದರು. ಎಲುಬಿನ ಗೂಡಾದ ಮಕ್ಕಳನ್ನು ಕಂಡಾಗ ತಿರುಪತಿಯ ಕಾಡು, ಸಜ್ಜೆಯ ರೊಟ್ಟಿಯ ತುಂಡು ಅವರ ಕಣ್ಣ ಮುಂದೆ ಬಂದಿರಬೇಕು. ಬರಗಾಲದಲ್ಲಿ ಅನಾಥ ಹುಡುಗಿಯರ ಪಾಲಿಗೆ ಹಸಿವಿಗಿಂತ ಭಯಂಕರರಾದವರು ಅವರನ್ನು ಕೊಂಡುಕೊಳ್ಳಲು ಸುತ್ತುತ್ತಿದ್ದ ದಲ್ಲಾಳಿಗಳು. ಅವರು ಕೈಗೆ ಸಿಕ್ಕಿದವರನ್ನೆಲ್ಲ, ಜಾತಿ ಕುಲಗಳನ್ನು ಕೇಳದೆ, ಕರೆತಂದರು. ಹೀಗೆ ಬಂದವರು ಸುಮಾರು ಮುನ್ನೂರು ಜನ. ಪುಣೆಯಲ್ಲಿ ಆಗ ಪ್ಲೇಗಿನ ಹಾವಳಿ. ನಗರದಲ್ಲಿ ಅಷ್ಟು ಜನರನ್ನು ಇಟ್ಟುಕೊಳ್ಳಲು ಅಪ್ಪಣೆಯಿರಲಿಲ್ಲ. ಕೇಡಗಾಂವಿನಲ್ಲಿ ಮೊದಲೇ ಕೊಂಡಿದ್ದ ಬಯಲು ಜಮೀನಿನಲ್ಲಿ ಗುಡಿಸಲು ಡೇರೆಗಳೆದ್ದವು. ಅದೇ 'ಮುಕ್ತಿ ಸದನ'ವಾಯಿತು. 1900ರಲ್ಲಿ ಗುಜರಾತಿನ ಕ್ಷಾಮದ ಮಕ್ಕಳು ಬಂದು ಸೇರಿದಾಗ ಅಲ್ಲಿನ ಜನಸಂಖ್ಯೆ ಎರಡು ಸಾವಿರದ ಹತ್ತಿರ ಹೋಯಿತು.

ಎರಡು ಸಾವಿರವೆಂದರೆ ಏನೆಂಬುದು ಹೋಟೆಲಿನ ನಮ್ಮ ಭಟ್ಟರುಗಳಿಗೂ ಮಾಣಿಗಳಿಗೂ ಗೊತ್ತು. ಹೊತ್ತಿಗೆ ಇನ್ನೂರು ಎಲೆ ಹಾಕುವಾಗಲೇ ಅಡಿಗೆಯ ಮನೆಯಲ್ಲಿ ಬೆವರು ಹರಿಯುತ್ತದೆ. ಅಲ್ಲಿ ಗಲ್ಲಕ್ಕೆ ಕಾಸು ಹಾಕಿ ಹೋಗುವ ಗಿರಾಕಿಗಳಿಲ್ಲ. ನಾಳಿನ ಅಕ್ಕಿಗೆ ಹಣ ಎಲ್ಲಿಂದ ಬರುವುದೆಂಬ ನಿಶ್ಚಯವಿಲ್ಲ. ಆದರೂ ಪಂಕ್ತಿ ನಡೆಯಿತು. ಬಾವಿಗಳನ್ನು ತೋಡಿದರು, ಹೊಲ ಬಿತ್ತಿದರು, ತರಕಾರಿ ಬೆಳೆದರು. ಮಗ್ಗಗಳು ಬಂದವು, ಎಣ್ಣೆಯ ಗಾಣ ಬಂತು, ಹಸುಗಳ ಕೊಟ್ಟಿಗೆ, ಅಗಸಗಿತ್ತಿಯರ ಕೆಲಸ, ಅಚ್ಚಿನ ಮನೆ ಎಲ್ಲವೂ ಬಂದವು. ದಾನದ ಅನ್ನವನ್ನು ತಿಂದು ಕೂರುವುದಕ್ಕಿಂತ ಕೈಗೆ ಕಸುಬು ಬರುವುದು ಮೇಲೆಂದು ಹಸಿವನ್ನು ಕಂಡ ಅವರು ತಿಳಿದಿದ್ದರು. ಕೂಲಿಗೆ ನಾಚಿದ ತಮ್ಮ ಮನೆಯೇ ಅದಕ್ಕೆ ದೃಷ್ಟಾಂತವಾಗಿತ್ತು. ಕುರುಡಿಯರಿಗಾಗಿ ಬೇರೊಂದು ಶಾಲೆಯಿಟ್ಟು ಬ್ರೇಲ್ ಲಿಪಿಯನ್ನು ಕಲಿಸಿದರು. ಲಂಡನಿನ ಆ ಮನೆಯನ್ನು ಮರೆಯದೆ, ಸಮಾಜ ಹೊರಹಾಕಿದ ಹೆಂಗಸರಿಗಾಗಿ 'ಕೃಪಾ ಸದನ'ವನ್ನು ಕಟ್ಟಿದರು.

ತಮ್ಮ ಮತದವರದೇ ಆದ ಸರಕಾರವೆಂದು ಅವರು ಬಾಯಿ ಮುಚ್ಚಿಕೊಳ್ಳಲಿಲ್ಲವೆಂಬುದನ್ನೂ ಹೇಳಬೇಕು. ಪ್ಲೇಗಿನ ಕಾಲದಲ್ಲಿ ಪುಣೆಯ ಸರಕಾರಿ ಆಸ್ಪತ್ರೆ, ಶಿಬಿರಗಳಲ್ಲಿ ಹೆಣ್ಣುಮಕ್ಕಳಿಗೆ ತಕ್ಕ ರಕ್ಷಣೆಯಿಲ್ಲವೆಂದು 1897ರಲ್ಲಿ 'ಬಾಂಬೆ ಗಾರ್ಡಿಯನ್' ಪತ್ರಿಕೆಗೆ ಬರೆದರು. ವಿಷಯ ಲಂಡನಿನ ಪಾರ್ಲಿಮೆಂಟಿನವರೆಗೆ ಹೋಯಿತು. ಮುಂಬಯಿ ಸರಕಾರ ಅದನ್ನು ಅಲ್ಲಗಳೆಯಿತು. ಹೀಗೆ ಒಂದು ಕಡೆ ದೇಶದ್ರೋಹಿಯೆಂಬ ಹೆಸರು, ಮತ್ತೊಂದು ಕಡೆ ಸರಕಾರದ ಅಸಮಾಧಾನ. ಇಬ್ಬರ ಮೆಚ್ಚುಗೆಯನ್ನೂ ಬಯಸದವರಿಗೆ ಮಾತ್ರ ಇಂಥ ನಡೆ ಸಾಧ್ಯ.

ಕೊನೆಯ ಕಂತು

ವಯಸ್ಸಾದ ಮೇಲೆ ಅವರು ಕೈಗೊಂಡ ಕೆಲಸವೆಂದರೆ ಬೈಬಲಿನ ಮರಾಠಿ ಅನುವಾದ. ಆಗಿದ್ದ ಅನುವಾದದ ಭಾಷೆ ಓದುಬರಹ ಕಡಿಮೆಯಿರುವ ಹಳ್ಳಿಯ ಹೆಂಗಸಿಗೆ ಅರ್ಥವಾಗದೆಂಬುದು ಅವರ ಎಣಿಕೆ. ಸಂಸ್ಕೃತದ ಪಂಡಿತೆ ಸಂಸ್ಕೃತದ ಬೆಡಗನ್ನು ಬದಿಗಿಟ್ಟು ಸರಳ ಮರಾಠಿಯನ್ನು ಹುಡುಕಿದುದು ಸಣ್ಣ ತ್ಯಾಗವಲ್ಲ. ಅದಕ್ಕಾಗಿ ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತರು. ಸುಮಾರು ಹದಿನೆಂಟು ವರ್ಷ ಆ ಕೆಲಸ ನಡೆಯಿತು. ಕ್ಷಾಮದಲ್ಲಿ ಎತ್ತಿ ತಂದ ಹುಡುಗಿಯರೇ ಮುಕ್ತಿಯ ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದರು, ಮುದ್ರಿಸಿದರು, ಹೊಲಿದು ರಟ್ಟು ಹಾಕಿದರು.

ಇಷ್ಟರಲ್ಲಿ ಎಲ್ಲಕ್ಕಿಂತ ದೊಡ್ಡ ಬೆಲೆಯ ದಿನ ಬಂತು. ತಾಯಿಯ ಬಲಗೈಯಾಗಿ ಬೆಳೆದ ಮನೋರಮಾ, ಆಗ ನಿಜಾಮರ ಸೀಮೆಗೆ ಸೇರಿದ್ದ ನಮ್ಮ ಕಲಬುರಗಿಯಲ್ಲಿ ಶಾಲೆಯೊಂದನ್ನು ನಡೆಸಲು ಶ್ರಮಿಸಿದವಳು. ಮುಕ್ತಿಯ ಭಾರವನ್ನು ತನ್ನ ಬಳಿಕ ಅವಳು ಹೊರುವಳೆಂದು ತಾಯಿ ನಂಬಿದ್ದರು. 1921ರ ಜುಲೈ 24ರಂದು, ನಲವತ್ತನೆಯ ವಯಸ್ಸಿನಲ್ಲಿ, ಆಕೆ ತೀರಿಕೊಂಡಳು. ತಂದೆ, ತಾಯಿ, ಅಕ್ಕ, ಅಣ್ಣ, ಪತಿ, ಈಗ ಮಗಳು. ರಕ್ತ ಸಂಬಂಧವೆನ್ನಲು ಯಾರೂ ಉಳಿಯಲಿಲ್ಲ. ಹೀಗಿದ್ದೂ ಕರಡಚ್ಚು ತಿದ್ದುವ ಕೆಲಸ ನಿಲ್ಲಲಿಲ್ಲ. ಅದಾಗಿ ಒಂಬತ್ತು ತಿಂಗಳೊಳಗೆ, 1922ರ ಏಪ್ರಿಲ್ 5ರಂದು, ಅವರೂ ಕಣ್ಣು ಮುಚ್ಚಿದರು. ಬೈಬಲು 1924ರಲ್ಲಿ ಹೊರಬಂತು. ಅವರ ಹೆಸರಿನ ಅಂಚೆ ಚೀಟಿಯನ್ನು ಭಾರತ ಸರಕಾರ 1989ರಲ್ಲಿ ಪ್ರಕಟಿಸಿತು. ಕೇಡಗಾಂವಿನ ಆ ಸಂಸ್ಥೆ ಇಂದಿಗೂ ಹೆಂಗಸರಿಗೂ ಮಕ್ಕಳಿಗೂ ಆಸರೆಯಾಗಿ ನಡೆದುಬರುತ್ತಿದೆ.

ಜಮಾ ಮತ್ತು ಖರ್ಚು

ಕ್ರಿಸ್ತನ ಶಿಷ್ಯತ್ವದ ಬೆಲೆಯೆಂದಾಗ ನಮಗೆ ನೆನಪಾಗುವುದು ಸಿಂಹದ ಬಾಯಿಗೆ ಬಿದ್ದ ಹಿಂದಿನ ಕಾಲದ ಹುತಾತ್ಮರು. ಒಂದೇ ಗಳಿಗೆಯಲ್ಲಿ ಒಂದೇ ಮೊತ್ತವಾಗಿ ಪ್ರಾಣವನ್ನು ಕೊಟ್ಟವರ ಬೆಲೆ ಅದು. ರಮಾಬಾಯಿಯವರದು ಬೇರೆಯ ಬಗೆ. ಅವರು ಕಂತುಕಂತಾಗಿ ಕೊಟ್ಟರು. ಒಂದು ದಿನ ಮಾನ, ಒಂದು ದಿನ ಮಿತ್ರರು, ಒಂದು ದಿನ ಪಾಂಡಿತ್ಯದ ಹೆಮ್ಮೆ. ಉಳಿದ ಎಲ್ಲ ದಿನಗಳಲ್ಲಿಯೂ ನಿದ್ದೆ ಮತ್ತು ಬೆವರು. ಪ್ರತಿ ದಿನ ಬೆಳಗ್ಗೆ ಎದ್ದು ಎರಡು ಸಾವಿರ ಜನರ ಹಿಟ್ಟಿನ ಲೆಕ್ಕ ನೋಡುವ ತ್ಯಾಗವನ್ನು ಯಾರೂ ಚಿತ್ರವಾಗಿ ಬರೆಯುವುದಿಲ್ಲ. ಸಿಂಹದ ಮುಂದೆ ನಿಲ್ಲುವುದಕ್ಕಿಂತ ಅದು ಸುಲಭವೆಂದು ಹೇಳಲು ಮಾತ್ರ ಧೈರ್ಯ ಬಾರದು.

ಅವರ ಮತಾಂತರವನ್ನು ಒಪ್ಪುವುದೂ ಬಿಡುವುದೂ ಓದುಗರ ಮನಸ್ಸಿಗೆ ಬಿಟ್ಟುದು. ಅಂದು ಅವರನ್ನು ಬಿಟ್ಟುಹೋದ ಸಜ್ಜನರೂ ಕೆಟ್ಟವರಲ್ಲ. ರಾನಡೆ, ಭಂಡಾರಕರರು ದೇಶಕ್ಕೆ ಮಾಡಿದ ಉಪಕಾರ ಸಣ್ಣದಲ್ಲ. ಆದರೆ ಒಂದು ಮಾತು ಸ್ಪಷ್ಟ. ಧರ್ಮ ಬದಲಾಯಿಸಿ ಸುಖವನ್ನು ಪಡೆದರೆಂದು ಅವರನ್ನು ಯಾರೂ ಆಡಿಕೊಳ್ಳುವಂತಿಲ್ಲ. ಅವರ ಖಾತೆಯನ್ನು ತೆರೆದು ನೋಡಿದರೆ ಖರ್ಚಿನ ಕಡೆ ಅವರ ಬಾಳಿನ ಸಕಲವೂ ಇದೆ. ಜಮಾದ ಕಡೆ ಅವರ ಹೆಸರಿಗೆ ಏನೂ ಇಲ್ಲ, ಸಾವಿರಾರು ಹುಡುಗಿಯರ ಹೆಸರಿಗೆ ಎಲ್ಲವೂ ಇದೆ. ನಿಃಸ್ವಾರ್ಥವೆಂಬ ಪದಕ್ಕೆ ಇದಕ್ಕಿಂತ ಸರಳವಾದ ವ್ಯಾಖ್ಯಾನ ಬೇಕಾಗಲಾರದು.

ಪರಸ್ಥಳಕ್ಕೆ ಬಂದು ದುಡಿಯುವ ನಮ್ಮವರಿಗೆ ಈ ಬಗೆಯ ಕಂತು ಅಪರಿಚಿತವೇನಲ್ಲ. ಅಟ್ಟದ ಮೇಲೆ ಚಾಪೆ ಹಾಸಿ ಮಲಗಿ, ತಿಂಗಳ ಸಂಬಳದಲ್ಲಿ ತನ್ನ ಪಾಲನ್ನು ಕಿರಿದು ಮಾಡಿಕೊಂಡು, ತಂಗಿಯ ಮದುವೆಗೆ, ತಮ್ಮನ ಓದಿಗೆ ಊರಿಗೆ ಹಣ ಕಳಿಸುವವರು ನಮ್ಮಲ್ಲಿ ಎಷ್ಟಿಲ್ಲ? ಅದೂ ತ್ಯಾಗವೇ, ಅದರ ಮಾನವನ್ನು ಯಾರೂ ಕಡಿಮೆ ಮಾಡಲಾರರು. ರಮಾಬಾಯಿಯವರ ಬಾಳು ಅದರಾಚೆಗಿನ ಒಂದು ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ. ತಂಗಿಗಾಗಿ ಉಪವಾಸ ಬೀಳುವ ನಾವು, ತಂಗಿಯಲ್ಲದವಳಿಗಾಗಿ ಒಂದು ಹೊತ್ತಿನ ಊಟವನ್ನು ಬಿಟ್ಟೇವೇ? ನಮ್ಮ ಊರು, ನಮ್ಮ ಜಾತಿ, ನಮ್ಮ ಭಾಷೆ ಯಾವುದೂ ಅಲ್ಲದ ಮಗುವೊಂದು ನಮ್ಮ ಹೋಟೆಲಿನ ಹಿಂಬಾಗಿಲಲ್ಲಿ ಬಂದು ನಿಂತಾಗ, ಲೆಕ್ಕದ ಪುಸ್ತಕದಲ್ಲಿ ಅದಕ್ಕೊಂದು ಸಾಲು ಇದೆಯೇ?

ಗೋಪುರ ಕಟ್ಟುವವನು ಮೊದಲು ಲೆಕ್ಕ ನೋಡಬೇಕೆಂಬುದು ನಿಜ. ಲೆಕ್ಕ ನೋಡಿದ ಮೇಲೆ ಬಹಳ ಮಂದಿ ಎದ್ದು ಮನೆಗೆ ಹೋಗುತ್ತಾರೆ. ಗಂಗಾಮೂಲದ ಆ ಮಗಳು ಲೆಕ್ಕ ನೋಡಿ, ಸಾಲದೆಂದು ಕಂಡರೂ, ಕೊನೆಯ ಕಾಸಿನವರೆಗೆ ಕೊಟ್ಟು ಕಟ್ಟಿದರು.